ಗದ್ದೆಯ ನೀರಿನಲ್ಲಿ ತೇಲುವ ಹುಳು ಯಾವುದು?

ಏಣಿಲಿನ ನಾಟಿ ಮುಗಿದು ಎರಡು ಮೂರು ವಾರ ಕಳೆಯುವ ಹೊತ್ತಿಗೆ, ಆಟಿಯ ಮಳೆಯ ನಡುವೆ, ನಮ್ಮ ಬೈಲುಗದ್ದೆಗಳಲ್ಲಿ ಒಂದು ವಿಚಿತ್ರ ಕಾಣಸಿಗುವುದುಂಟು. ಹಸಿರು ಪೈರಿನ ಎಲೆಗಳಲ್ಲಿ ಕಾಗದದಂತಹ ಬಿಳಿಯ ಗೀರುಗಳು ಮೂಡಿರುತ್ತವೆ. ಎಲೆಗಳ ತುದಿ ಕತ್ತರಿಯಾಡಿಸಿದಂತೆ ತುಂಡಾಗಿರುತ್ತದೆ. ಆ ತುಂಡುಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಒಂದನ್ನೆತ್ತಿ ನೋಡಿದರೆ ಅದು ಬರಿಯ ತುಂಡಲ್ಲ, ಸುತ್ತಿದ ಕೊಳವೆ; ಅದರೊಳಗೊಂದು ಹುಳು!

"ಹುಳು ಬಿದ್ದಿದೆ" ಎಂಬ ಸುದ್ದಿ ಹುಣಿಯಿಂದ ಹುಣಿಗೆ ಹಬ್ಬಿ, ವಿಷದ ಪಂಪು ಹೆಗಲೇರುತ್ತದೆ. "ಯಾವ ಹುಳು?" ಎಂದು ಕೇಳುವವರು ಮಾತ್ರ ವಿರಳ. ಆದರೆ ಕೇಳಲೇಬೇಕಾದ ಪ್ರಶ್ನೆ ಅದೇ. ಏಕೆಂದರೆ ಭತ್ತದ ಗದ್ದೆಗೆ ಬರುವ ಪತಂಗದ ಮರಿಹುಳುಗಳಲ್ಲಿ ಒಂದಕ್ಕೆ ಗದ್ದೆಯ ನೀರನ್ನು ಬತ್ತಿಸುವುದು ಮದ್ದು. ಇನ್ನೊಂದಕ್ಕೆ ನೀರು ತುಂಬಿಸುವುದು ಮದ್ದು. ಗುರುತು ತಪ್ಪಿದರೆ ಮಾಡಿದ ಉಪಾಯವೇ ಹುಳುವಿಗೆ ಉಪಕಾರವಾದೀತು.

ನೀರಿನಲ್ಲಿ ಉಸಿರಾಡುವ ಹುಳು

ತೇಲುವ ಕೊಳವೆಯೊಳಗಿನ ಈ ಜೀವಿಯನ್ನು ಕನ್ನಡದಲ್ಲಿ ಕೊಳವೆ ಹುಳು ಎನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಪ್ಯಾರಾಪಾಯಿಂಕ್ಸ್ ಸ್ಟಾಗ್ನಾಲಿಸ್. ಹಳೆಯ ಕೃಷಿ ಪುಸ್ತಕಗಳಲ್ಲಿ ನಿಂಫ್ಯುಲಾ ಡಿಪಂಕ್ಟಾಲಿಸ್ ಎಂದಿದ್ದರೆ ಅದೂ ಇದೇ. ಇದರ ತಾಯಿ, ಮೈಯೆಲ್ಲ ಬಿಳುಪಾಗಿ ರೆಕ್ಕೆಯಲ್ಲಿ ಸಣ್ಣ ಚುಕ್ಕೆಗಳಿರುವ ಪುಟ್ಟ ಪತಂಗ. ಅದು ನೀರಿಗೆ ತಾಗಿದ ಎಲೆಗಳ ಅಡಿಭಾಗದಲ್ಲಿ ಮೊಟ್ಟೆಯಿಡುತ್ತದೆ.

ಸಾಮಾನ್ಯವಾಗಿ ಪತಂಗದ ಮರಿಹುಳು ನೀರಿಗೆ ಬಿದ್ದರೆ ಬದುಕುವುದು ಕಷ್ಟ. ಕೊಳವೆ ಹುಳುವಿನ ರೀತಿಯೇ ಬೇರೆ. ಅದರ ಮೈಯ ಎರಡು ಬದಿಗಳಲ್ಲಿ ಎಳೆಎಳೆಯಾದ ಕಿವಿರುಗಳಿವೆ. ಮೀನಿನಂತೆ ನೀರಿನೊಳಗಿನ ಪ್ರಾಣವಾಯುವನ್ನೇ ಅದು ಸೇವಿಸುತ್ತದೆ. ಎಲೆಯ ತುದಿಯನ್ನು ಕತ್ತರಿಸಿ, ಸುರುಳಿ ಸುತ್ತಿ, ಒಳಗೆ ರೇಷ್ಮೆಯ ನೂಲಿನಿಂದ ಹೊಲಿದು ಮನೆ ಕಟ್ಟಿಕೊಳ್ಳುತ್ತದೆ. ರಾತ್ರಿ ಹೊತ್ತು ಮೇಯಲು ಪೈರನ್ನೇರುವಾಗ ಮನೆಯನ್ನೂ, ಮನೆಯೊಳಗಿನ ನೀರನ್ನೂ ಜತೆಗೆ ಒಯ್ಯುತ್ತದೆ. ಗಾಳಿ ಬೀಸಿದತ್ತ ತೇಲಿ ಇನ್ನೊಂದು ಬುಡ ಸೇರುತ್ತದೆ. ಗದ್ದೆಯ ಒಂದು ಮೂಲೆಯಲ್ಲಿ ಹಾನಿ ಹೆಚ್ಚಾಗಿ, ಉಳಿದೆಡೆ ಕಡಿಮೆ ಇರುವುದಕ್ಕೆ ಇದೇ ಕಾರಣ. ನೀರು ನಿಲ್ಲದ ಬೆಟ್ಟು ಗದ್ದೆಯಲ್ಲಿ ಇದು ತಳವೂರಲಾರದು.

ಗುರುತಿಸುವ ಬಗೆ

ಎಲೆ ತುಂಡಾಗದೆ, ಪೈರಿನಲ್ಲೇ ಉದ್ದಕ್ಕೆ ಮಡಚಿಕೊಂಡು, ಅದರೊಳಗೆ ಹುಳು ಕುಳಿತಿದ್ದರೆ ಅದು ಎಲೆ ಮಡಚುವ ಹುಳು. ಎಲೆ ಸರಿಯಾಗಿದ್ದು ನಡುವಿನ ಸುಳಿ ಮಾತ್ರ ಒಣಗಿ, ಎಳೆದರೆ ಕಿತ್ತು ಬರುವುದಾದರೆ ಅದು ಕಾಂಡ ಕೊರೆಯುವ ಹುಳುವಿನ ಕೆಲಸ. ತಲೆಯ ಮೇಲೆ ಎರಡು ಕೊಂಬುಗಳಿರುವ ಹಸಿರು ಹುಳು ಪತಂಗದ್ದಲ್ಲ, ಚಿಟ್ಟೆಯ ಮರಿ; ಅದರಿಂದ ಹೆಚ್ಚಿನ ಭಯವಿಲ್ಲ.

ಸಂಜೆ ಚೆನ್ನಾಗಿದ್ದ ನೇಜಿ ಬೆಳಗಾಗುವಾಗ ದನ ಮೇಯ್ದಂತೆ ಬೋಳಾಗಿದ್ದರೆ ಅದು ಸೈನಿಕ ಹುಳು, ಅಂದರೆ ಸ್ಪೊಡಾಪ್ಟೆರಾ ಮಾರಿಷಿಯಾ. ಇದಕ್ಕೆ ಕಿವಿರಿಲ್ಲ, ಕೊಳವೆಯಿಲ್ಲ. ಹಗಲು ಮಣ್ಣಿನ ಹೆಂಟೆಗಳಡಿ ಅಡಗಿ, ರಾತ್ರಿ ದಂಡುಕಟ್ಟಿಕೊಂಡು ಗದ್ದೆಯಿಂದ ಗದ್ದೆಗೆ ನುಗ್ಗುತ್ತದೆ.

ಎರಡಕ್ಕೆ ಎರಡು ಮದ್ದು

ಸೈನಿಕ ಹುಳು ಬಂದರೆ ನೇಜಿ ಗದ್ದೆಗೆ ನೀರು ತುಂಬಿಸಬೇಕು. ಅಡಗಿದ್ದ ಹುಳುಗಳು ಮೇಲೆ ಬರುತ್ತವೆ; ಕೊಕ್ಕರೆಗಳೂ ಬಾತುಗಳೂ ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಕೊಳವೆ ಹುಳುವಿಗೆ ಇದನ್ನೇ ಮಾಡಿದರೆ ಅದಕ್ಕೆ ಹಬ್ಬ. ಇಲ್ಲಿ ನೀರನ್ನು ಹೊರಬಿಟ್ಟು ಎರಡು ಮೂರು ದಿನ ಗದ್ದೆಯನ್ನು ಬತ್ತಿಸಬೇಕು. ನೀರಿಲ್ಲದೆ ಅದು ಸಾಯುತ್ತದೆ. ಅದಕ್ಕೆ ಮೊದಲು, ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಪೈರಿನ ಮೇಲೆ ಎಳೆದರೆ, ಅಂಟಿಕೊಂಡಿದ್ದ ಕೊಳವೆಗಳು ನೀರಿಗೆ ಉದುರುತ್ತವೆ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ನೀರು ಹೋಗುವ ಕಂಡಿಗೆ ಬಲೆಯನ್ನೋ ಹಳೆಯ ಬಟ್ಟೆಯನ್ನೋ ಒಡ್ಡಿ ಕೊಳವೆಗಳನ್ನು ಹಿಡಿದು ನಾಶಮಾಡತಕ್ಕದ್ದು. ಇಲ್ಲವಾದರೆ ನಮ್ಮ ಹುಳು ಕೆಳಗಿನ ಗದ್ದೆಯ ನೆರೆಯವನ ಪಾಲಾಗುತ್ತದೆ!

ಚೆನ್ನಾಗಿ ತೆಂಡೆಯೊಡೆದ ಪೈರಿಗೆ ಕೊಳವೆ ಹುಳುವಿನಿಂದ ಹೇಳುವಷ್ಟು ನಷ್ಟವಿಲ್ಲ. ಎಳೆಯ ಪೈರು ಸಹ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಮೊಟ್ಟೆಗಳನ್ನು ಬಸವನಹುಳುಗಳೂ, ಪತಂಗಗಳನ್ನು ಜೇಡ ಮತ್ತು ಏರೋಪ್ಲೇನ್ ಚಿಟ್ಟೆಗಳೂ ತಿನ್ನುತ್ತವೆ. ವಿಷ ಸುರಿದರೆ ಮೊದಲು ಸಾಯುವವರು ಈ ಕೂಲಿಯಿಲ್ಲದ ಆಳುಗಳೇ.

ಮರೆಯಬಾರದ ಪಾಠ

ವಿಷದ ಬೆಲೆ ಏನೆಂಬುದನ್ನು ಕಾಸರಗೋಡಿನವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಗೇರುತೋಟಗಳ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳ ಮನೆಗಳಲ್ಲಿ ಆ ಸಂಕಟ ಇನ್ನೂ ಮುಗಿದಿಲ್ಲ. ಒಂದು ಕೀಟಕ್ಕೆಂದು ಸುರಿದ ವಿಷ ಆ ಕೀಟದಲ್ಲೇ ನಿಲ್ಲುವುದಿಲ್ಲ. ತೋಡು, ಸುರಂಗ, ಬಾವಿಗಳ ದಾರಿ ಹಿಡಿಯುತ್ತದೆ. ಬೈಲಿನ ನೀರಂತೂ ಎಲ್ಲ ತೋಡುಗಳಿಗೂ ನೆಂಟ.

ಆದುದರಿಂದ ರೈತ ಬಾಂಧವರು ಪಂಪನ್ನು ಹೊರುವ ಮೊದಲು ಒಂದು ಹುಳುವನ್ನು ಗದ್ದೆಯ ನೀರಿನ ಸಮೇತ ಬಾಟಲಿಗೆ ಹಾಕಿ, ಕಡಿದ ಎಲೆಯೊಂದನ್ನೂ ಜತೆಗಿಟ್ಟು, ತಮ್ಮ ಪಂಚಾಯತಿನ ಕೃಷಿಭವನಕ್ಕೆ ಒಯ್ದು ತೋರಿಸುವುದು ಒಳ್ಳೆಯದು. ಅಲ್ಲಿನ ಮಲಯಾಳ ಸೂಚನೆಯಲ್ಲಿ "ಕುಳಲ್‌ಪುಳು" ಎಂದಿದ್ದರೆ ಅದು ಕೊಳವೆ ಹುಳು. "ಪಟ್ಟಾಳಪುಳು" ಎಂದಿದ್ದರೆ ಸೈನಿಕ ಹುಳು. ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳದಿದ್ದರೆ ಅರ್ಧ ಬೆಳೆ ಉಳಿದಂತೆ.