ಜೀವಶಾಸ್ತ್ರವನ್ನು ಆಯ್ದುಕೊಳ್ಳುವ ಹೊಸ ವಿದ್ಯಾರ್ಥಿ: ಸವದತ್ತಿ ಸೀಮೆಯ ದೃಷ್ಟಿಯಿಂದ ಕೆಲವು ವಿಚಾರಗಳು

ಪದವಿ ತರಗತಿಗಳ ಪ್ರವೇಶಕಾಲದಲ್ಲಿ ಅಧ್ಯಾಪಕರ ಮೇಜಿನ ಮುಂದೆ ಬಂದು ನಿಲ್ಲುವ ವಿದ್ಯಾರ್ಥಿಗಳಲ್ಲಿ ಜೀವಶಾಸ್ತ್ರವನ್ನು ಕೇಳುವವರದು ಒಂದು ವಿಶಿಷ್ಟ ವರ್ಗ. ಇವರಲ್ಲಿ ಹಲವರು ಆ ಶಾಸ್ತ್ರವನ್ನು ಬಯಸಿ ಬಂದವರಲ್ಲ. ಮತ್ತೊಂದನ್ನು ಬಯಸಿ, ಅದು ದೊರೆಯದೆ, ಇತ್ತ ತಿರುಗಿದವರು. ೨೦೧೭ರಿಂದ ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸ್ಥಾನಗಳಿಗೂ ನೀಟ್ ಪರೀಕ್ಷೆಯೇ ಆಧಾರವಾದ ಮೇಲೆ, ಆ ಪರೀಕ್ಷೆಯ ಅಂಕಪಟ್ಟಿಯನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಬರುವ ಹದಿನೆಂಟರ ಹುಡುಗ ಹುಡುಗಿಯರು ಪ್ರತಿವರ್ಷವೂ ಕಾಣುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಿಂದ ಬರುವ ಇಂತಹ ವಿದ್ಯಾರ್ಥಿಗೆ ಮೊದಲ ಭೇಟಿಯಲ್ಲಿ ಅಧ್ಯಾಪಕನು ಏನನ್ನು ಹೇಳಬೇಕು, ಏನನ್ನು ಕೇಳಬೇಕು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆದಿದೆ.

ಮೊದಲು ಕೇಳುವುದು, ಹೇಳುವುದು ಆಮೇಲೆ. ವೈದ್ಯನಾಗಬೇಕೆಂದಿದ್ದವನಿಗೆ ಆ ವೃತ್ತಿಯಲ್ಲಿ ಹಿಡಿಸಿದುದು ಯಾವುದು? ರೋಗಿಯ ಸೇವೆಯೋ, ಊರಿನವರು ಕೊಡುವ ಗೌರವವೋ, ದೇಹದ ರಚನೆಯ ಬಗೆಗಿನ ಕುತೂಹಲವೋ? ಸೇವೆಯೆಂಬುದು ನಿಜವಾದ ಉತ್ತರವಾದರೆ ಶುಶ್ರೂಷಾಶಾಸ್ತ್ರ, ಔಷಧಶಾಸ್ತ್ರ, ಪಶುವೈದ್ಯ ಈ ದಾರಿಗಳನ್ನು ಅವನಿಗೆ ತೋರಿಸಲೇಬೇಕು. ನಮ್ಮ ತರಗತಿಯ ಸಂಖ್ಯೆ ಕಡಿಮೆಯಾದೀತೆಂದು ಮರೆಮಾಚುವುದು ಅಧ್ಯಾಪಕನಿಗೆ ತಕ್ಕುದಲ್ಲ. ಕೃಷಿ ಪದವಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶವಿದ್ದು, ಅಲ್ಲಿ ರೈತರ ಮಕ್ಕಳಿಗೆಂದು ಕಾಯ್ದಿರಿಸಿದ ಸ್ಥಾನಗಳುಂಟು. ಅವಕ್ಕೆ ಪ್ರಾಯೋಗಿಕ ಪರೀಕ್ಷೆಯನ್ನು ಬೇರೆಯಾಗಿ ಕೊಡಬೇಕಾಗುವುದು. ಒಕ್ಕಲುತನದ ಮನೆಗಳಿಂದಲೇ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಗೆ ಈ ಸಂಗತಿ ತಿಳಿಯುವುದು ಅರ್ಜಿಯ ಕಾಲ ಮೀರಿದ ಮೇಲೆ. ಆದುದರಿಂದ ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿಯೇ ಇದನ್ನು ಹೇಳುವ ಏರ್ಪಾಡು ಆಗಬೇಕು. ಇನ್ನು ಪದವಿಗೆ ಸೇರಿಯೂ ಮತ್ತೊಮ್ಮೆ ನೀಟ್ ಪರೀಕ್ಷೆಗೆ ಕೂಡುವೆನೆನ್ನುವವರಿದ್ದಾರೆ. ಅವರನ್ನು ತಡೆಯಲಾಗದು, ತಡೆಯಲೂ ಬಾರದು. ಆದರೆ ಎರಡು ದೋಣಿಗಳಲ್ಲಿ ಕಾಲಿಟ್ಟು ಮೊದಲ ವರ್ಷವನ್ನೆಲ್ಲ ಕಳೆದವನು ಕೊನೆಗೆ ಎರಡರಲ್ಲಿಯೂ ಹಿಂದುಳಿಯುವ ಸಂಭವವೇ ಹೆಚ್ಚು. ಎಂದಿನವರೆಗೆ ಯತ್ನ, ಎಂದಿನಿಂದ ಪದವಿಯ ಓದು ಎಂಬ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವಂತೆ ಹೇಳುವುದು ಒಳಿತು.

ಪದವಿಯ ಚೌಕಟ್ಟು ಈಚಿನ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಗುಣವಾಗಿ ನಾಲ್ಕು ವರ್ಷಗಳ ಕ್ರಮವು ಕರ್ನಾಟಕದಲ್ಲಿ ಬಂದಿತು. ೨೦೨೪-೨೫ರಲ್ಲಿ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಅಣ್ಣನು ಓದಿದ ಕ್ರಮವೇ ತಂಗಿಗೂ ಅನ್ವಯಿಸುವುದೆಂದು ಮನೆಯವರು ನಂಬಿರುತ್ತಾರಾದುದರಿಂದ, ೨೦೧೦ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯವು ಆಯಾ ವರ್ಷ ಹೊರಡಿಸುವ ನಿಯಮಾವಳಿಯನ್ನೇ ಮುಂದಿಟ್ಟುಕೊಂಡು ಮಾತನಾಡುವುದು ಕ್ಷೇಮಕರ.

ವಿಷಯಗಳ ಜೋಡಣೆಯನ್ನು ಕುರಿತು ಎರಡು ಮಾತು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಎಂಬ ಹಳೆಯ ತ್ರಿಕೂಟವು ಇಂದಿಗೂ ಗಟ್ಟಿಯಾದ ತಳಹದಿಯೇ ಸರಿ. ರಸಾಯನವು ಕಷ್ಟವೆಂದು ಅದನ್ನು ಬಿಡುವ ದಾರಿ ಹುಡುಕುವ ವಿದ್ಯಾರ್ಥಿಗೆ ಎಲ್ಲಮ್ಮನ ಗುಡ್ಡದ ಭಂಡಾರವನ್ನೇ ತೋರಿಸಬಹುದು. ಅರಿಸಿನದ ಪುಡಿಗೆ ಸುಣ್ಣದ ನೀರು ತಾಕಿದರೆ ಕೆಂಪಾಗುವುದು. ಕುರ್ಕ್ಯುಮಿನ್ ಎಂಬ ವರ್ಣದ್ರವ್ಯದ ಅಣುವು ಪ್ರತ್ಯಾಮ್ಲದ ಸನ್ನಿಧಿಯಲ್ಲಿ ಜಲಜನಕದ ಕಣವನ್ನು ಕಳೆದುಕೊಂಡು, ಬೆಳಕನ್ನು ಹೀರುವ ಬಗೆಯನ್ನು ಬದಲಿಸುವುದೇ ಇದಕ್ಕೆ ಕಾರಣ. ಅದೇ ಪುಡಿಯಲ್ಲಿ ಮೆಟಾನಿಲ್ ಹಳದಿಯೆಂಬ ಕೃತಕ ಬಣ್ಣ ಬೆರೆತಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ನೇರಳೆಗೆಂಪು ತೋರುವುದು. ಒಂದು ಹಿಡಿ ಭಂಡಾರವು ಸಸ್ಯವೂ ಹೌದು, ರಸಾಯನವೂ ಹೌದು. ಕಿಣ್ವ, ಪ್ರೋಟೀನು, ಡಿ.ಎನ್.ಎ. ಇವುಗಳ ಪಾಠಕ್ಕೆ ಬರುವ ವೇಳೆಗೆ ರಸಾಯನವನ್ನು ಬಿಟ್ಟವನ ಪಾಡು ಲಿಪಿಯರಿಯದೆ ಕಾವ್ಯ ಓದಹೊರಟವನ ಪಾಡಾಗುವುದು.

ಗಣಿತದ ಭಯದಿಂದ ಜೀವಶಾಸ್ತ್ರಕ್ಕೆ ಬಂದೆನೆಂಬವರು ಇದಕ್ಕಿಂತ ಹೆಚ್ಚು. ಇವರಿಗೆ ಒಂದು ಕಲ್ಪಿತ ಎಣಿಕೆಯನ್ನು ಕೊಟ್ಟು ನೋಡಬೇಕು. ಮೂರಕ್ಕೆ ಒಂದು ಎಂಬ ಮೆಂಡಲನ ಅನುಪಾತದಲ್ಲಿ ಬರಬೇಕಾದ ೪೦ ಸಸಿಗಳಲ್ಲಿ ೨೬ ಒಂದು ಬಗೆ, ೧೪ ಇನ್ನೊಂದು ಬಗೆ ಬಂದವೆಂದಿಟ್ಟುಕೊಳ್ಳೋಣ. ನಿರೀಕ್ಷೆ ೩೦ ಮತ್ತು ೧೦. ವ್ಯತ್ಯಾಸವು ನಾಲ್ಕು, ಅದರ ವರ್ಗ ಹದಿನಾರನ್ನು ಆಯಾ ನಿರೀಕ್ಷೆಯಿಂದ ಭಾಗಿಸಿ ಕೂಡಿದರೆ ೨.೧೩. ಶೇಕಡಾ ಐದರ ಮಟ್ಟದಲ್ಲಿ ಮಿತಿಯು ೩.೮೪ ಆದುದರಿಂದ, ಈ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿರಬಹುದು. ಈಗ ಅದೇ ಪ್ರಮಾಣದಲ್ಲಿ ೮೦ ಸಸಿಗಳನ್ನು ಎಣಿಸಿ ೫೨ ಮತ್ತು ೨೮ ದೊರೆತರೆ ಮೊತ್ತವು ೪.೨೭ಕ್ಕೆ ಏರಿ ಮಿತಿಯನ್ನು ದಾಟುವುದು. ಪ್ರಮಾಣವು ಬದಲಾಗಲಿಲ್ಲ, ಎಣಿಕೆ ಮಾತ್ರ ಇಮ್ಮಡಿಯಾಯಿತು; ನಿರ್ಣಯವು ತಿರುಗಿತು. ಕೂಡಿಸುವುದು, ಭಾಗಿಸುವುದು ಬಲ್ಲವನಿಗೆ ಇಷ್ಟು ಗಣಿತ ಭಾರವಲ್ಲ. ಇಷ್ಟೂ ಇಲ್ಲದವನು ಹೊಲದಲ್ಲಿ ಏನನ್ನು ಕಂಡರೂ ಕಂಡೆನೆಂದು ಹೇಳುವ ಅಧಿಕಾರ ಪಡೆಯಲಾರನು.

ಭಾಷೆಯ ತೊಡಕು ನಿಜವಾದುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಯೊಬ್ಬಳು ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು, ಅರ್ಥವಾದುದನ್ನೂ ಅರ್ಥವಾಗಿಲ್ಲವೆಂದುಕೊಂಡಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅವಳ ಕೈಯಲ್ಲಿ ಒಂದು ಕೀಲಿಕೈ ಇದೆಯೆಂಬುದನ್ನು ಯಾರೂ ಹೇಳಿರುವುದಿಲ್ಲ. ಆರ್ಥ್ರೊಪಾಡ ಎಂಬ ಗ್ರೀಕ್ ಮೂಲದ ಶಬ್ದದಲ್ಲಿ ಕೀಲು ಮತ್ತು ಕಾಲು ಎಂಬ ಎರಡು ಅರ್ಥಗಳಿವೆ. ಅವಳು ಶಾಲೆಯಲ್ಲಿ ಕಲಿತ ಸಂಧಿಪದಿ ಎಂಬುದರಲ್ಲಿಯೂ ಅವೆರಡೇ ಇವೆ. ಫೋಟೋಸಿಂಥೆಸಿಸ್ ಎಂಬುದು ಬೆಳಕು ಮತ್ತು ಜೋಡಣೆ, ದ್ಯುತಿಸಂಶ್ಲೇಷಣೆಯೂ ಅದೇ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಅವಳ ನೆರೆಯವಳಿಗೆ ಆ ಶಬ್ದವು ಬಾಯಿಪಾಠದ ಗುಂಡುಕಲ್ಲಾಗಿರಬಹುದು. ಇವಳಿಗೆ ಅದು ಬಿಡಿಸಿದ ಹಣ್ಣು. ಮೊದಲ ಷಣ್ಮಾಸದಲ್ಲಿ ದಿನಕ್ಕೆ ಐದು ಶಬ್ದಗಳಂತೆ ಎರಡು ಕಂಬಸಾಲುಗಳ ಪಟ್ಟಿಯೊಂದನ್ನು ತಾನೇ ಬರೆದುಕೊಂಡು ಹೋದರೆ ಭಯದ ಬಹುಭಾಗ ಇಳಿಯುವುದು. ಮುಂದೆ ಉನ್ನತ ವ್ಯಾಸಂಗಕ್ಕೆ ಇಂಗ್ಲಿಷ್ ಬೇಕೇ ಬೇಕು. ಅದನ್ನು ಮುಚ್ಚಿಡುವುದೂ ಸಲ್ಲದು.

ಜೀವಶಾಸ್ತ್ರವೆಂದರೆ ದೂರದ ನಗರದ ಪ್ರಯೋಗಶಾಲೆಯ ವಿದ್ಯೆಯೆಂಬ ಭಾವನೆಯನ್ನು ಕಳೆಯಲು ನಮ್ಮ ಎರೆಭೂಮಿಯ ಹತ್ತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ಸೀಮೆಯ ಹೊಲಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಜಯಧರ ಮೊದಲಾದ ದೇಶೀ ತಳಿಗಳು ಗಾಸಿಪಿಯಂ ಹರ್ಬೇಶಿಯಂ ಜಾತಿಯವು. ಅವುಗಳ ಜೀವಕೋಶದಲ್ಲಿ ವರ್ಣತಂತುಗಳು ೨೬. ಅಮೆರಿಕ ಮೂಲದ ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಜಾತಿಗಳಲ್ಲಿ ಅವು ೫೨. ೨೬ ಇರುವುದನ್ನು ೫೨ ಇರುವುದರೊಡನೆ ಕೂಡಿಸಿದರೆ ಮರಿಯಲ್ಲಿ ೩೯ ಆಗುವುವು. ಅವು ಜೊತೆಗೂಡಲಾರದೆ ಗಿಡವು ಬಂಜೆಯಾಗುವುದು. ೫೨ರ ಎರಡು ಜಾತಿಗಳನ್ನು ಕೂಡಿಸಿದರೆ ಹಾಗಾಗದು. ಧಾರವಾಡದಲ್ಲಿ ಬಿ. ಎಚ್. ಕಟರಕಿ ಅವರು ಲಕ್ಷ್ಮಿ ಎಂಬ ಹಿರ್ಸುಟಂ ತಳಿಯನ್ನು ಒಂದು ಬಾರ್ಬಡೆನ್ಸ್ ತಳಿಯೊಡನೆ ಸಂಕರಿಸಿ ೧೯೭೨ರಲ್ಲಿ ಹೊರತಂದ ವರಲಕ್ಷ್ಮಿಯು ಎರಡು ಬೇರೆ ಜಾತಿಗಳಿಂದ ಹುಟ್ಟಿ ವಾಣಿಜ್ಯ ಬೇಸಾಯಕ್ಕೆ ಬಂದ ಹತ್ತಿಯ ಸಂಕರ ತಳಿಗಳಲ್ಲಿ ಮೊದಲನೆಯದು. ನಮ್ಮ ವಿದ್ಯಾರ್ಥಿಗಳ ಅಜ್ಜಂದಿರು ಅದರ ಹೆಸರನ್ನು ಬಲ್ಲರು. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಬೆಳಗ್ಗೆ ಬೇರೆ ಹೂವಿನ ಪರಾಗವನ್ನು ಮುಟ್ಟಿಸುವ ಕೆಲಸವನ್ನು ಮಾಡಿದ ಹೆಂಗಸರ ಮಕ್ಕಳೇ ಇಂದು ಮೆಂಡಲನನ್ನು ಹೊಸಬನೆಂಬಂತೆ ಓದುತ್ತಿರುವುದು ವಿಚಿತ್ರವೇ. ಸಂಕರದ ಬೀಜವನ್ನು ಮರುವರ್ಷಕ್ಕೆ ಇಟ್ಟುಕೊಳ್ಳಲಾಗದೇಕೆ ಎಂಬ ಪ್ರಶ್ನೆ ಪ್ರತಿಯೊಂದು ಒಕ್ಕಲು ಮನೆಯದು. ಎರಡನೆಯ ಪೀಳಿಗೆಯಲ್ಲಿ ಗುಣಗಳು ಬೇರ್ಪಟ್ಟು ಚದರುವುವೆಂಬುದು ಅದಕ್ಕೆ ಉತ್ತರ. ೨೦೦೨ರಲ್ಲಿ ಭಾರತಕ್ಕೆ ಬಂದ ಬಿ.ಟಿ. ಹತ್ತಿಯನ್ನು ಗುಲಾಬಿ ಕಾಯಿಕೊರಕವು ಕೆಲವೇ ವರ್ಷಗಳಲ್ಲಿ ತಡೆದುಕೊಳ್ಳಲು ಕಲಿತುದು ಡಾರ್ವಿನನ ಆಯ್ಕೆಯ ತತ್ತ್ವಕ್ಕೆ ನಮ್ಮ ಬದುವಿನಲ್ಲಿಯೇ ದೊರೆವ ಸಾಕ್ಷ್ಯ.

ಭೂಮಿಯೂ ಪಾಠಪುಸ್ತಕವೇ. ಕಿತ್ತೂರಿನ ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚು ಹತ್ತಿರ. ಪೂರ್ವಕ್ಕೆ ರಾಮದುರ್ಗದತ್ತ ನಡೆದಂತೆ ಮಳೆಯು ಇಳಿಯುತ್ತ ಹೋಗಿ ಕಾಡು ಕುರುಚಲಾಗುವುದು. ಒಂದೇ ದಿನದ ಬಸ್ಸಿನ ಪ್ರಯಾಣದಲ್ಲಿ ಸಸ್ಯಸಮುದಾಯ ಬದಲಾಗುವುದನ್ನು ಕಾಣಬಹುದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ನವಿಲುತೀರ್ಥದ ಕಲ್ಲುಗುಡ್ಡಗಳ ಕಂಡಿಯಲ್ಲಿ ಅಣೆಕಟ್ಟಿಗೆ ಸಿಕ್ಕು ರೇಣುಕಾಸಾಗರವಾಗಿದೆ. ಬೇಸಗೆಯಲ್ಲಿ ನೀರು ಸರಿದ ಕೆಸರಂಚಿಗೆ ಬರುವ ಹಕ್ಕಿಗಳನ್ನು ವಾರಕ್ಕೊಮ್ಮೆ ಎಣಿಸಿ ಬರೆದಿಡುವುದು ಪ್ರಥಮ ವರ್ಷದವನಿಗೂ ಸಾಧ್ಯ. ಕಪ್ಪೆಯನ್ನು ಮೇಣದ ತಟ್ಟೆಯ ಮೇಲೆ ಕೊಯ್ಯುವ ಕಾಲ ಮುಗಿಯಿತು. ೨೦೧೪ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪ್ರಾಣಿಚ್ಛೇದನವನ್ನು ನಿಲ್ಲಿಸುವಂತೆ ಸೂಚಿಸಿತು. ಆದರೆ ಜೀವಂತ ಕಪ್ಪೆಯ ಅಧ್ಯಯನಕ್ಕೆ ಮಿತಿಯಿಲ್ಲ: ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗವು ಕಪ್ಪೆಗಳ ಸಂತಾನಕ್ರಿಯೆಯನ್ನೂ ಗೊದಮೊಟ್ಟೆಗಳ ವರ್ತನೆಯನ್ನೂ ಕುರಿತು ದಶಕಗಳ ಕಾಲ ನಡೆಸಿದ ಸಂಶೋಧನೆ ನಾಲ್ವತ್ತು ಕಿಲೋಮೀಟರಿನಷ್ಟೇ ದೂರದ್ದು. ಓದಿಗೆ ಒಂದು ಪುಸ್ತಕ ಹೇಳೆಂದು ಕೇಳಿದರೆ ನಾನು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಯನ್ನು ಹೇಳುವೆನು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಸಸ್ಯಶಾಸ್ತ್ರಜ್ಞನ ಈ ಗ್ರಂಥಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗುತ್ತ ಓದಿ ಮುಗಿಸುವ ಹೊತ್ತಿಗೆ ಹತ್ತಾರು ಸಸ್ಯಕುಟುಂಬಗಳು ಪರಿಚಯವಾಗಿರುತ್ತವೆ.

ಜೀವನೋಪಾಯದ ಪ್ರಶ್ನೆಯನ್ನು ತಂದೆಯೇ ಎತ್ತುವನು. ಅವನಿಗೆ ನಿಜವನ್ನು ಹೇಳಬೇಕು: ಮೂರು ವರ್ಷಗಳ ಈ ಪದವಿಯೊಂದರಿಂದಲೇ ನೇರವಾಗಿ ದೊರೆಯುವ ಉದ್ಯೋಗಗಳು ಸ್ವಲ್ಪ. ಅದಕ್ಕೆ ಇನ್ನೊಂದು ಮೆಟ್ಟಿಲು ಸೇರಬೇಕು. ಶಿಕ್ಷಕನಾಗುವುದಾದರೆ ಬಿ.ಎಡ್.; ಕಾಲೇಜು ಅಧ್ಯಾಪಕನೋ ಸಂಶೋಧಕನೋ ಆಗುವುದಾದರೆ ಎಂ.ಎಸ್‌ಸಿ., ಆಮೇಲೆ ಜೀವವಿಜ್ಞಾನದ ನೆಟ್ ಪರೀಕ್ಷೆ. ಐ.ಐ.ಟಿ.ಗಳ ಜ್ಯಾಮ್ ಪರೀಕ್ಷೆಯ ಜೈವಿಕ ತಂತ್ರಜ್ಞಾನ ಪತ್ರಿಕೆಯ ಮೂಲಕ ದೇಶದ ದೊಡ್ಡ ಸಂಸ್ಥೆಗಳಲ್ಲಿ ಎಂ.ಎಸ್‌ಸಿ.ಗೆ ಹೋಗಬಹುದು. ಹತ್ತಿರದಲ್ಲಿಯೇ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ, ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ರಾಷ್ಟ್ರೀಯ ಸಾಂಪ್ರದಾಯಿಕ ಚಿಕಿತ್ಸಾ ಸಂಸ್ಥೆಯೂ ಇವೆ. ಈ ಹೆಸರುಗಳನ್ನು ಮೊದಲ ವರ್ಷದಲ್ಲಿಯೇ ಕೇಳಿದವನು ಮೂರನೆಯ ವರ್ಷದಲ್ಲಿ ಅಲ್ಲಿಗೆ ಪತ್ರ ಬರೆಯಲು ಅಂಜುವುದಿಲ್ಲ.

ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯರ ವಿಷಯದಲ್ಲಿ ಒಂದು ಸಣ್ಣ ಸಂಗತಿ. ಪ್ರಯೋಗಗಳು ಮಧ್ಯಾಹ್ನದ ಕೊನೆಗೆ ಇದ್ದರೆ ಸಂಜೆಯ ಬಸ್ಸು ತಪ್ಪುವುದೆಂಬ ಕಾರಣಕ್ಕೇ ವಿಜ್ಞಾನವನ್ನು ಬಿಟ್ಟು ಕಲಾ ವಿಭಾಗ ಹಿಡಿಯುವವರುಂಟು. ವೇಳಾಪಟ್ಟಿಯನ್ನು ಸಿದ್ಧಪಡಿಸುವ ಅಧ್ಯಾಪಕರು ಪ್ರವೇಶದ ದಿನವೇ ಊರು ಮತ್ತು ಕೊನೆಯ ಬಸ್ಸಿನ ಹೊತ್ತನ್ನು ಬರೆದುಕೊಂಡರೆ, ಪ್ರಯೋಗದ ತಂಡಗಳನ್ನು ಅದಕ್ಕೆ ಹೊಂದಿಸಲು ಬರುವುದು.

ಎರಡನೆಯ ಭೇಟಿಯನ್ನು ಮೊದಲ ಷಣ್ಮಾಸದ ಪರೀಕ್ಷೆ ಮುಗಿದ ವಾರದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅಂದು ಅಂಕಗಳನ್ನು ಕೇಳುವ ಮೊದಲು ಶಬ್ದಗಳ ಪಟ್ಟಿಯನ್ನೂ ಹೊಲದ ಟಿಪ್ಪಣಿ ಪುಸ್ತಕವನ್ನೂ ತರಿಸಿ ನೋಡಬೇಕು. ಪುಸ್ತಕ ಖಾಲಿಯಿದ್ದರೆ, ಅವನನ್ನು ಬೈಯದೆ, ಕಾಲೇಜಿನ ಬೇಲಿಯ ಬಳಿಗೆ ಕರೆದೊಯ್ದು ಮೊದಲ ಪುಟವನ್ನು ಅಲ್ಲಿಯೇ ಬರೆಯಿಸುವುದು.