ಯಾವ ಕ್ಯಾಮೆರಾ ಕೊಳ್ಳೋಣ?

ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ. ಈಗ ಯಾವ ಶುಭಕಾರ್ಯ ಆದರೂ ಫೋಟೊ ಬೇಕೇ ಬೇಕು. ಫೋಟೊ ತೆಗೆಯುವುದು ಒಂದು ಕಸುಬು. ಅದರಿಂದ ನಾಲ್ಕು ಕಾಸು ಸಂಪಾದಿಸಬಹುದು.

ಇದು ಗಂಡಸರ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಹೋಮಾಯಿ ವ್ಯಾರಾವಾಲಾ ಅವರ ಹೆಸರು ಕೇಳಿದ್ದೀರಾ? ಅವರು 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದರು. ಪತ್ರಿಕೆಗಳಿಗಾಗಿ ಫೋಟೊ ತೆಗೆದ ನಮ್ಮ ದೇಶದ ಮೊದಲ ಮಹಿಳೆ ಅವರು. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದಿಲ್ಲಿಯಲ್ಲಿ ಕೆಲಸ ಮಾಡಿದರು. 2011ರಲ್ಲಿ ಸರ್ಕಾರ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

ಅವರು ಮಾಡಿದ ಕೆಲಸ ನಾವೂ ಮಾಡಬಹುದು. ಆದರೆ ಕ್ಯಾಮೆರಾ ಕೊಳ್ಳಲು ದುಡ್ಡು ಬೇಕು. ಸಾಲ ಮಾಡಿ ಕೊಂಡ ಮೇಲೆ "ಅಯ್ಯೋ, ಇದು ಬೇಡವಾಗಿತ್ತು" ಅಂದರೆ ಏನು ಪ್ರಯೋಜನ? ಮೊದಲೇ ತಿಳಿದುಕೊಳ್ಳೋಣ.

ಸಂಘದಲ್ಲಿ ಬಂದ ಮಾತು

ಒಂದು ಊರಿನಲ್ಲಿ ಹೆಂಗಸರ ಸಂಘ ಇದೆ ಎಂದುಕೊಳ್ಳಿ. ಸಾಲ ತೆಗೆದು ಕ್ಯಾಮೆರಾ ಕೊಳ್ಳಬೇಕು ಎಂದು ಮಾತು ಬಂತು.

"ದೊಡ್ಡ ಕ್ಯಾಮೆರಾನೇ ತಗೊಳ್ಳೋಣ ಅಕ್ಕ. ಅಂಗಡಿಯವರು ಫುಲ್ ಫ್ರೇಮ್ ಡಿಎಸ್ಎಲ್ಆರ್ ತಗೊಳ್ಳಿ ಅಂದ್ರು. ದೊಡ್ಡದು ಹಿಡ್ಕೊಂಡ್ರೆ ಜನ ನಂಬ್ತಾರೆ" ಎಂದಳು ಒಬ್ಬಳು.

"ಚಿಕ್ಕದೂ ಇದೆಯಂತಲ್ಲೇ. ಮಿರರ್‌ಲೆಸ್ ಅಂತಾರಲ್ಲ, ಅದು. ಅದು ಸಾಲದಾ?" ಎಂದರು ಹಿರಿಯಕ್ಕ.

"ಅದೇನಕ್ಕ ಹಾಗಂದ್ರೆ?" ಎಂದರು ಉಳಿದವರು.

ನೀವೂ ಹೀಗೇ ಕೇಳುತ್ತೀರಿ. ಬನ್ನಿ, ಒಂದೊಂದಾಗಿ ನೋಡೋಣ.

ಕನ್ನಡಿ ಇರುವುದು, ಕನ್ನಡಿ ಇಲ್ಲದ್ದು

ಕ್ಯಾಮೆರಾ ಅಂದರೆ ಒಂದು ಕತ್ತಲ ಪೆಟ್ಟಿಗೆ. ಮುಂದೆ ಗಾಜಿನ ಲೆನ್ಸ್. ಹಿಂದೆ ಸೆನ್ಸರ್ ಎಂಬ ಚಿಕ್ಕ ಹಲಗೆ. ಲೆನ್ಸಿನ ಮೂಲಕ ಬೆಳಕು ಒಳಗೆ ಬರುತ್ತದೆ. ಸೆನ್ಸರಿನ ಮೇಲೆ ಬೀಳುತ್ತದೆ. ಆಗ ಚಿತ್ರ ಆಗುತ್ತದೆ.

ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಕನ್ನಡಿ ಓರೆಯಾಗಿ ನಿಂತಿರುತ್ತದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ಆ ಬೆಳಕು ಮೇಲಿನ ಕಿಂಡಿಗೆ ಬರುತ್ತದೆ. ನಾವು ಕಿಂಡಿಯಲ್ಲಿ ಕಣ್ಣಿಟ್ಟು ನೋಡುತ್ತೇವೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಏಳುತ್ತದೆ. "ಟಕ್" ಎಂದು ಸದ್ದು ಬರುತ್ತದೆ. ಮದುವೆ ಮನೆಯಲ್ಲಿ ಈ ಸದ್ದು ಕೇಳಿದ್ದೀರಲ್ಲವೇ?

ಮಿರರ್‌ಲೆಸ್ ಅಂದರೆ ಕನ್ನಡಿ ಇಲ್ಲದ್ದು. ಬೆಳಕು ನೇರವಾಗಿ ಸೆನ್ಸರಿಗೆ ಬೀಳುತ್ತದೆ. ಸೆನ್ಸರ್ ಕಂಡದ್ದನ್ನೇ ಹಿಂದಿನ ಪರದೆಯಲ್ಲಿ ತೋರಿಸುತ್ತದೆ. ಕನ್ನಡಿಗೆ ಜಾಗ ಬೇಡ. ಆದ್ದರಿಂದ ಕ್ಯಾಮೆರಾ ತೆಳ್ಳಗೆ, ಹಗುರವಾಗಿ ಇರುತ್ತದೆ.

ಇದರಲ್ಲಿ ಕಲಿಯುವವರಿಗೆ ಒಂದು ಅನುಕೂಲ ಇದೆ. ಫೋಟೊ ಕಪ್ಪಾಗುತ್ತದೋ, ಬಿಳಿಚಿಕೊಳ್ಳುತ್ತದೋ, ಗುಂಡಿ ಒತ್ತುವ ಮೊದಲೇ ಪರದೆಯಲ್ಲಿ ಕಾಣುತ್ತದೆ. ಡಿಎಸ್ಎಲ್ಆರ್ ಕಿಂಡಿಯಲ್ಲಿ ಅದು ಕಾಣುವುದಿಲ್ಲ. ಫೋಟೊ ತೆಗೆದ ಮೇಲೆ ನೋಡಿ ತಿಳಿಯಬೇಕು.

ಫುಲ್ ಫ್ರೇಮ್ ಅಂದರೆ ಏನು?

ಇದು ಬೇರೆಯೇ ವಿಚಾರ. ಇದಕ್ಕೂ ಕನ್ನಡಿಗೂ ಸಂಬಂಧ ಇಲ್ಲ. ಇದು ಸೆನ್ಸರಿನ ಅಳತೆ.

ಹಿಂದೆ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದರು. ಆ ರೀಲಿನಲ್ಲಿ ಒಂದು ಚಿತ್ರದ ಅಳತೆ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಸೆನ್ಸರ್ ಕೂಡ ಅಷ್ಟೇ ದೊಡ್ಡದಿದ್ದರೆ ಅದು ಫುಲ್ ಫ್ರೇಮ್. ಬಹಳಷ್ಟು ಚಿಕ್ಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರ್ ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲ ಇರುತ್ತದೆ. ಫುಲ್ ಫ್ರೇಮ್ ಇದಕ್ಕಿಂತ ಎರಡು ಪಟ್ಟಿಗೂ ದೊಡ್ಡದು.

ದೊಡ್ಡದಾದರೆ ಏನು ಲಾಭ? ಮಳೆ ಬರುವಾಗ ಅಂಗಳದಲ್ಲಿ ಒಂದು ಚೊಂಬು ಇಡಿ. ಪಕ್ಕದಲ್ಲಿ ಒಂದು ಪರಾತ ಇಡಿ. ಯಾವುದರಲ್ಲಿ ಹೆಚ್ಚು ನೀರು ಬೀಳುತ್ತದೆ? ಪರಾತದಲ್ಲಿ. ಹಾಗೇ ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುತ್ತದೆ. ದೀಪದ ಬೆಳಕಿನಲ್ಲಿ, ಕತ್ತಲೆ ಛತ್ರದಲ್ಲಿ ಫೋಟೊ ಚೆನ್ನಾಗಿ ಬರುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ. ಕನ್ನಡಿ ಇರುವ ಕ್ಯಾಮೆರಾದಲ್ಲಿ ಚಿಕ್ಕ ಸೆನ್ಸರ್ ಇರಬಹುದು. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ದೊಡ್ಡ ಸೆನ್ಸರ್ ಇರಬಹುದು. ಸೋನಿ ಕಂಪನಿ 2013ರಲ್ಲೇ ಅಂಥ ಕ್ಯಾಮೆರಾ ತಂದಿತು. ಕ್ಯಾನನ್ ಮತ್ತು ನಿಕಾನ್ ಕಂಪನಿಗಳು 2018ರಲ್ಲಿ ತಂದವು. ಅಂಗಡಿಯಲ್ಲಿ ಯಾರಾದರೂ ಎರಡನ್ನೂ ಕಲಸಿ ಹೇಳಿದರೆ ಬಿಡಿಸಿ ಕೇಳಿ. "ಇದರಲ್ಲಿ ಕನ್ನಡಿ ಇದೆಯಾ? ಸೆನ್ಸರ್ ಎಷ್ಟು ದೊಡ್ಡದು?" ಇವು ಎರಡು ಬೇರೆ ಬೇರೆ ಪ್ರಶ್ನೆ.

ತೂಗಿ ನೋಡೋಣ

ಎರಡು ಕ್ಯಾಮೆರಾ ಹೋಲಿಸೋಣ. ಒಂದು, 2017ರಲ್ಲಿ ಬಂದ ನಿಕಾನ್ ಡಿ850. ಇದು ಫುಲ್ ಫ್ರೇಮ್ ಡಿಎಸ್ಎಲ್ಆರ್. ಇನ್ನೊಂದು, 2019ರಲ್ಲಿ ಬಂದ ಸೋನಿ ಎ6400. ಇದು ಚಿಕ್ಕ ಮಿರರ್‌ಲೆಸ್.

ತೂಕ: ಡಿ850 ಕ್ಯಾಮೆರಾ ಸುಮಾರು 1 ಕಿಲೊ. ಮದುವೆಗೆ ಹಾಕುವ ಅದರ ಒಳ್ಳೆಯ ಲೆನ್ಸ್ ಇನ್ನೂ 1 ಕಿಲೊ. ಒಟ್ಟು 2 ಕಿಲೊ. ಎ6400 ಕ್ಯಾಮೆರಾ 403 ಗ್ರಾಂ. ಅದರ ಜೊತೆ ಬರುವ ಚಿಕ್ಕ ಲೆನ್ಸ್ 116 ಗ್ರಾಂ. ಒಟ್ಟು ಸುಮಾರು ಅರ್ಧ ಕಿಲೊ. ಬೆಳಗಿನ ಮುಹೂರ್ತದಿಂದ ರಾತ್ರಿ ಆರತಕ್ಷತೆಯವರೆಗೆ ಕುತ್ತಿಗೆಗೆ 2 ಕಿಲೊ ಅಕ್ಕಿ ಕಟ್ಟಿಕೊಂಡು ನಿಂತ ಹಾಗೆ. ನಮ್ಮಿಂದ ಆಗುತ್ತದಾ? ಯೋಚಿಸಿ.

ಬ್ಯಾಟರಿ: ಇಲ್ಲಿ ದೊಡ್ಡದೇ ಗೆದ್ದಿತು. ಕಂಪನಿ ಹೇಳುವ ಲೆಕ್ಕದಲ್ಲಿ ಡಿ850 ಒಂದು ಬ್ಯಾಟರಿಗೆ 1840 ಫೋಟೊ ತೆಗೆಯುತ್ತದೆ. ಎ6400 ಸುಮಾರು 410 ತೆಗೆಯುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಪರದೆ ಉರಿಯುತ್ತಲೇ ಇರುತ್ತದೆ. ಅದಕ್ಕೇ ಬ್ಯಾಟರಿ ಬೇಗ ಮುಗಿಯುತ್ತದೆ. ಕರೆಂಟು ಹೋಗುವ ಊರಿಗೆ ಹೋಗುವಾಗ ಎರಡು ಮೂರು ಬ್ಯಾಟರಿ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಫ್ಲ್ಯಾಶ್: ಎ6400ರಲ್ಲಿ ಚಿಕ್ಕ ಫ್ಲ್ಯಾಶ್ ಸೇರಿಯೇ ಬರುತ್ತದೆ. ಡಿ850ರಲ್ಲಿ ಇಲ್ಲ. ಬೇರೆ ಕೊಳ್ಳಬೇಕು.

ಆಲ್ಬಂ: "ಚಿಕ್ಕ ಸೆನ್ಸರಿನ ಫೋಟೊ ಆಲ್ಬಮ್ಮಿಗೆ ಸಾಲುತ್ತದಾ?" ಲೆಕ್ಕ ಮಾಡೋಣ. ಆಲ್ಬಂ ಪುಟ 18 ಇಂಚು ಉದ್ದ, 12 ಇಂಚು ಅಗಲ ಇರಲಿ. ಚೆನ್ನಾಗಿ ಅಚ್ಚಾಗಲು ಒಂದು ಇಂಚಿಗೆ 300 ಚುಕ್ಕಿ ಸಾಕು. ಅಂದರೆ ಉದ್ದಕ್ಕೆ 5400 ಚುಕ್ಕಿ, ಅಗಲಕ್ಕೆ 3600 ಚುಕ್ಕಿ. ಎ6400 ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕಿ ಕೊಡುತ್ತದೆ. ಪುಟ ತುಂಬಿ ಇನ್ನೂ ಉಳಿಯುತ್ತದೆ.

ಕತ್ತಲೆಗೆ ಏನು ಮಾಡೋದು?

ಚಿಕ್ಕ ಸೆನ್ಸರ್ ಕತ್ತಲಲ್ಲಿ ಸೋಲುತ್ತದೆ ಎಂದೆವು. ಅದಕ್ಕೂ ಒಂದು ದಾರಿ ಇದೆ. ಅದೇ ಲೆನ್ಸ್.

ಲೆನ್ಸಿನ ಮೇಲೆ 1.8 ಅಥವಾ 5.6 ಎಂದು ಅಂಕಿ ಬರೆದಿರುತ್ತದೆ. ಅಂಕಿ ಚಿಕ್ಕದಾದರೆ ಬಾಯಿ ದೊಡ್ಡದು. ಹೆಚ್ಚು ಬೆಳಕು ಬರುತ್ತದೆ. ಕ್ಯಾಮೆರಾ ಜೊತೆ ಬರುವ ಲೆನ್ಸಿನಲ್ಲಿ ದೂರದ್ದನ್ನು ಹತ್ತಿರ ಮಾಡಿದಾಗ ಅಂಕಿ 5.6 ಆಗುತ್ತದೆ. ಅದರ ಬದಲು 1.8 ಅಂಕಿಯ ಲೆನ್ಸ್ ಹಾಕಿದರೆ ಸುಮಾರು ಒಂಬತ್ತು ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ದೊಡ್ಡ ಸೆನ್ಸರ್ ಕೊಡುವುದು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಕೈಯಲ್ಲಿ ಇರುವ ದುಡ್ಡಿನಲ್ಲಿ ಮೊದಲು ಏನು ಕೊಳ್ಳಬೇಕು? ಒಂದು ಒಳ್ಳೆಯ ಲೆನ್ಸ್.

ಬಡ್ಡಿಗೆ ಆಷಾಢ ಇಲ್ಲ

ಈಗ ಸಾಲದ ಲೆಕ್ಕ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. 50,000 ರೂಪಾಯಿ ಸಾಲ ಮಾಡಿದರೆ ತಿಂಗಳಿಗೆ 1000 ರೂಪಾಯಿ ಬಡ್ಡಿ. 2 ಲಕ್ಷ ರೂಪಾಯಿ ಸಾಲ ಮಾಡಿದರೆ ತಿಂಗಳಿಗೆ 4000 ರೂಪಾಯಿ ಬಡ್ಡಿ. ಅಸಲು ಬೇರೆ.

"ಆಷಾಢದಲ್ಲಿ ಮದುವೆ ಇಲ್ಲ ಕಣೇ. ಆಗ ಬಡ್ಡಿ ಎಲ್ಲಿಂದ ಕಟ್ಟೋದು?" ಎಂದು ಹಿರಿಯಕ್ಕ ಕೇಳಿದರೆ ಉತ್ತರ ಏನು? ಮದುವೆಗೆ ಆಷಾಢ ಇದೆ. ಬಡ್ಡಿಗೆ ಆಷಾಢ ಇಲ್ಲ. ಕೆಲಸ ಇಲ್ಲದ ತಿಂಗಳಲ್ಲೂ ಕಟ್ಟಲು ಆಗುವಷ್ಟೇ ಸಾಲ ಮಾಡಬೇಕು.

ಹಾಗಾದರೆ ಯಾರಿಗೆ ಯಾವುದು?

ಮನೆ ಮಕ್ಕಳ ಫೋಟೊ ತೆಗೆಯಲು ಕ್ಯಾಮೆರಾನೇ ಬೇಡ. ಮೊಬೈಲ್ ಸಾಕು.

ಈಗ ತಾನೇ ಕಲಿಯುತ್ತಿದ್ದರೆ, ನಾಮಕರಣ, ಸೀಮಂತ, ಚಿಕ್ಕ ಮದುವೆ ಮಾಡುವುದಾದರೆ ಚಿಕ್ಕ ಮಿರರ್‌ಲೆಸ್ ಒಳ್ಳೆಯದು. ಅದರ ಜೊತೆ 1.8 ಅಂಕಿಯ ಒಂದು ಲೆನ್ಸ್, ಎರಡು ಬ್ಯಾಟರಿ ಕೊಳ್ಳಿ. ವಿಡಿಯೊ ತೆಗೆಯಲೂ ಇದು ಸಲೀಸು.

ಕಸುಬು ಚೆನ್ನಾಗಿ ಬಂದು, ದೊಡ್ಡ ಛತ್ರದ ಕೆಲಸ ಸಿಗುತ್ತಿದ್ದರೆ ಫುಲ್ ಫ್ರೇಮ್ ಬಗ್ಗೆ ಯೋಚಿಸಬಹುದು. ಮನೆಯಲ್ಲಿ ಮೊದಲೇ ಹಳೆಯ ಡಿಎಸ್ಎಲ್ಆರ್ ಲೆನ್ಸ್ ಇದ್ದವರಿಗೆ ಡಿಎಸ್ಎಲ್ಆರ್ ಲಾಭ. ಆದರೆ ಒಂದು ತಿಳಿದಿರಲಿ. ಕ್ಯಾನನ್ ಮತ್ತು ನಿಕಾನ್ ಕಂಪನಿಗಳ ಕೊನೆಯ ದೊಡ್ಡ ಡಿಎಸ್ಎಲ್ಆರ್‌ಗಳು ಬಂದದ್ದು 2020ರಲ್ಲಿ. ಈಗ ಆ ಕಂಪನಿಗಳು ಮಿರರ್‌ಲೆಸ್ ಕಡೆಗೇ ತಿರುಗಿವೆ. ಆದ್ದರಿಂದ ಒಳ್ಳೆಯ ಡಿಎಸ್ಎಲ್ಆರ್ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತದೆ. ಅದನ್ನು ಕೊಳ್ಳುವಾಗ ಎಷ್ಟು ಫೋಟೊ ತೆಗೆದಿದ್ದಾರೆ ಎಂದು ಕೇಳಿ. ಡಿ850ರ ಶಟರ್ 2 ಲಕ್ಷ ಸಲ ಬಡಿಯುವಂತೆ ಪರೀಕ್ಷೆ ಮಾಡಿ ತಯಾರಿಸಿದ್ದು. ಮದುವೆಗೆ 2000 ಫೋಟೊ ಅಂದರೆ 100 ಮದುವೆ.

ಕೊಳ್ಳುವ ಮೊದಲು

1. ಒಂದು ದಿನ ಬಾಡಿಗೆಗೆ ತಂದು ಕೆಲಸ ಮಾಡಿ ನೋಡಿ. ಕೈಗೆ ಕೂರುತ್ತದಾ, ಹೆಗಲು ನೋಯುತ್ತದಾ, ಗೊತ್ತಾಗುತ್ತದೆ.

2. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂಥ ಗೆರೆ ಇದ್ದರೆ ಅದು ಬೂಷ್ಟು. ಬೇಡ ಅನ್ನಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಬೇಕು.

3. ಬಿಲ್ ಇಲ್ಲದೆ ಕೊಳ್ಳಬೇಡಿ. ಕ್ಯಾಮೆರಾದ ತಳದಲ್ಲಿ ಒಂದು ನಂಬರ್ ಇರುತ್ತದೆ. ಬಿಲ್ಲಿನಲ್ಲಿ, ಗ್ಯಾರಂಟಿ ಕಾರ್ಡಿನಲ್ಲಿ ಅದೇ ನಂಬರ್ ಇರಬೇಕು. ನೀವೇ ಓದಿ ನೋಡಿ.

4. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಓದಿ, ಬಡ್ಡಿ ಎಷ್ಟು ಎಂದು ತಿಳಿದು, ಆಮೇಲೆ ಸಹಿ ಹಾಕಿ.

ದೊಡ್ಡ ಕ್ಯಾಮೆರಾ ನೋಡಿ ಜನ ಒಂದು ಸಲ ಕರೆಯಬಹುದು. ಎರಡನೇ ಸಲ ಕರೆಯುವುದು ಆಲ್ಬಂ ನೋಡಿ.

ಯೋಚಿಸಿ, ಮಾತಾಡಿ

1. ಕನ್ನಡಿ ಇಲ್ಲದ ಕ್ಯಾಮೆರಾ ಏಕೆ ಹಗುರ?
2. ಲೆನ್ಸಿನ ಮೇಲೆ ಯಾವ ಅಂಕಿ ಇದ್ದರೆ ಹೆಚ್ಚು ಬೆಳಕು ಬರುತ್ತದೆ? 1.8 ಅಥವಾ 5.6?
3. 80,000 ರೂಪಾಯಿ ಸಾಲಕ್ಕೆ ನೂರಕ್ಕೆ 2ರಂತೆ ತಿಂಗಳ ಬಡ್ಡಿ ಎಷ್ಟು?
4. ನಿಮ್ಮ ಊರಿನಲ್ಲಿ ವರ್ಷಕ್ಕೆ ಎಷ್ಟು ಶುಭಕಾರ್ಯ ಆಗುತ್ತವೆ? ಸಂಘದಲ್ಲಿ ಕೂತು ಪಟ್ಟಿ ಮಾಡಿ.