ಎಂಜಿನ್ನಿನ ಎಣ್ಣೆ ಸೋರಿಕೆ: ಅಂಟು ಮೆತ್ತುವ ಮೊದಲು

ಫೆಬ್ರವರಿ-ಮಾರ್ಚ್ ಬಂತೆಂದರೆ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಎಂಜಿನ್ನುಗಳಿಗೆ ಬಿಡುವಿಲ್ಲ. ಹೂವಿಗೆ ಸುಮಾರು ಒಂದು ಇಂಚು ನೀರು ಕೊಟ್ಟ ಮೇಲೆ 15-20 ದಿನಗಳಲ್ಲಿ ಬ್ಯಾಕಿಂಗ್ ನೀರನ್ನೂ ಕೊಡಬೇಕು. ಆಗ ಎಂಜಿನ್ ಕೈಕೊಟ್ಟರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪ್‌ಸೆಟ್ಟಿನ ಕತೆಯೂ ಇದೇ.

ಒಂದು ವರ್ಷ ನಾನು ಸಂಪಿನ ಸೋರಿಕೆಗೆ ಹೊಸ ಪ್ಯಾಕಿಂಗ್ ಹಾಕದೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದೆ. ಹೊರಗೆ ಸೋರುವುದು ನಿಂತಿತು. ಒಳಕ್ಕೆ ಹಿಂಡಿಹೋದ ಅಂಟು ಚೂರುಚೂರಾಗಿ ಎಣ್ಣೆಯ ಜಾಲರಿಯನ್ನು ಮುಚ್ಚಿತು. ಬ್ಯಾಕಿಂಗ್ ನೀರಿನ ಮೂರನೆಯ ರಾತ್ರಿ ಬೇರಿಂಗ್ ಹಿಡಿಯಿತು. ಉಳಿಸಿದ್ದು ಒಂದು ಪ್ಯಾಕಿಂಗಿನ ಬೆಲೆ, ಕಳೆದುಕೊಂಡದ್ದು ಅರ್ಧ ತೋಟದ ಫಸಲು. ಸದಸ್ಯ ಬಾಂಧವರಿಗೆ ಈ ನಷ್ಟ ಆಗಬಾರದೆಂದು ಈ ಲೇಖನ.

ಮೊದಲು ಮೂಲ ಹುಡುಕಿ

ಎಣ್ಣೆ ಕೆಳಕ್ಕೆ ಹರಿಯುತ್ತದೆ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ. ಎಂಜಿನ್ನನ್ನು ತೊಳೆದು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಪುಡಿ ಒದ್ದೆಯಾದ ಅತಿ ಮೇಲಿನ ಜಾಗವನ್ನು ಗುರುತು ಹಾಕಿಕೊಳ್ಳಿ.

ಹಲವು ಕಡೆ ಒಟ್ಟಿಗೆ ಸೋರುತ್ತಿದ್ದರೆ ಬ್ರೀದರ್ ಕಟ್ಟಿದೆಯೇ ನೋಡಿ. ಒಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಹೊಸ ಪ್ಯಾಕಿಂಗೂ ಎಣ್ಣೆ ತಡೆಯದು. ಶಾಫ್ಟಿನ ತುದಿಯಲ್ಲಿ ಸೋರಿದರೆ ಸವೆದದ್ದು ಆಯಿಲ್ ಸೀಲ್ ಇರಬಹುದು. ಅದನ್ನು ಬದಲಿಸಬೇಕೇ ಹೊರತು ಅಂಟು ಮೆತ್ತಿ ಫಲವಿಲ್ಲ.

ಎಲ್ಲಿಗೆ ಯಾವುದು?

ರಾಕರ್ ಕವರ್, ಸಂಪ್: ತಗಡಿನ ಮುಚ್ಚಳಗಳಿಗೆ ಕಾರ್ಕ್ ಅಥವಾ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್. ಸೈಕಲ್ ಟ್ಯೂಬಿನ ರಬ್ಬರ್ ಬೇಡ. ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ.

ಎರಕದ ಸಮತಟ್ಟು ಮುಚ್ಚಳಗಳು: ಎಣ್ಣೆ ತಡೆಯುವ ಪ್ಯಾಕಿಂಗ್ ಕಾಗದ. ಹಳೆಯ ಪ್ಯಾಕಿಂಗಿನಷ್ಟೇ ದಪ್ಪದ್ದನ್ನು ಆರಿಸಿ.

ಸಿಲಿಂಡರ್ ಬುಡ, ಡೀಸೆಲ್ ಪಂಪಿನ ಬುಡ: ಇಲ್ಲಿ ದಪ್ಪವೇ ಅಳತೆ. ಸಿಲಿಂಡರ್ ಬುಡದ ದಪ್ಪ ಬದಲಾದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ ಬದಲಾಗುತ್ತದೆ. ಹಲವು ಎಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ಬುಡದ ತಗಡುಗಳೇ ಟೈಮಿಂಗ್ ನಿರ್ಧರಿಸುತ್ತವೆ. ಹಳೆಯದನ್ನು ಎಸೆಯದೆ ಅಂಗಡಿಗೆ ಕೊಂಡೊಯ್ದು ಹೊಂದಿಸಿ ತನ್ನಿ.

ಹೆಡ್: ಕಂಪೆನಿಯ ಪ್ಯಾಕಿಂಗನ್ನೇ ಹಾಕಿ, ಮನೆಯಲ್ಲಿ ಕತ್ತರಿಸಿದ್ದು ಸಲ್ಲದು. ಹಳೆಯ ಹೆಡ್ ಪ್ಯಾಕಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ್ದಾಗ ಕೆರೆಯದೆ, ಒದ್ದೆ ಮಾಡಿ ತೆಗೆಯಿರಿ.

ಅಂಟು ಎಷ್ಟು?

ಕಾಗದದ ಪ್ಯಾಕಿಂಗಿಗೆ ಶೆಲ್ಯಾಕ್ ಬಗೆಯ ಅಂಟನ್ನು ತೆಳ್ಳಗೆ ಸವರಿದರೆ ಸಾಕು. ಕಾರ್ಕನ್ನು ಮುಚ್ಚಳಕ್ಕೆ ಮಾತ್ರ ಅಂಟಿಸಿ, ಬ್ಲಾಕಿನ ಕಡೆ ಬಿಡಿ. ಮುಂದೆ ಬಿಚ್ಚುವಾಗ ಹರಿಯದು. ಸಿಲಿಕೋನ್ ಬೇಕೇ ಆದರೆ ತೆಳುವಾದ ಒಂದೇ ಎಳೆ ಎಳೆದು, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಡೀಸೆಲ್ ಹರಿಯುವ ಜೋಡಣೆಗಳಿಗೆ ಸಾಮಾನ್ಯ ಸಿಲಿಕೋನ್ ಹಾಕಬೇಡಿ.

ಜೋಡಿಸುವಾಗ

ಎರಡೂ ಮುಖಗಳಲ್ಲಿ ಹಳೆಯ ಅಂಟು, ಎಣ್ಣೆಯ ಜಿಡ್ಡು ಉಳಿಯಬಾರದು. ಬೋಲ್ಟಿನ ತೂತುಗಳ ಸುತ್ತ ಬಾಗಿದ ತಗಡನ್ನು ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಅತಿಯಾಗಿ ಬಿಗಿದರೆ ಕಾರ್ಕ್ ಬಿರಿದು ಮತ್ತೆ ಸೋರುತ್ತದೆ.

ಈ ಕೆಲಸವನ್ನು ಜನವರಿಯೊಳಗೆ ಮುಗಿಸಿಕೊಳ್ಳಿ. ಮೊಗ್ಗು ನೀರಿಗೆ ಕಾದಿರುವಾಗ ಎಂಜಿನ್ ಬಿಚ್ಚಿ ಕೂರುವ ಪಾಡು ಯಾರಿಗೂ ಬೇಡ.